ಬೇವಿನ ತೊಟ್ಟಿಲು

ಇದನ್ನು ಹೇಳದೆ ಬಹಳ ದಿನ ತಳ್ಳಿದೆ. ನನ್ನ ಕಾಯಿಲೆಯ ಬಗ್ಗೆ ಬರೆಯಲು ಎರಡು ಸಲ ಕುಳಿತೆ. ಎರಡು ಸಲವೂ ಗಿಡಗಳ ಬಗ್ಗೆ ಬರೆದು ಎದ್ದೆ.

ಬೇಸಿಗೆಯ ಮುಂಜಾನೆ. ತಂಗಡಗಿ ಹತ್ತಿರದ ನಮ್ಮ ಹೊಲದ ಬದುವಿನಲ್ಲಿ ಬೇವಿನ ಸಸಿಗಳಿಗೆ ನೀರು ಹೊರುತ್ತಿದ್ದೆ. ನಾಲ್ಕನೆಯ ಕೊಡ. ಎಡಗೈ ಜೋಮು ಹಿಡಿಯಿತು. ಎದೆಯ ಮೇಲೆ ಬೀಸುವ ಕಲ್ಲು ಇಟ್ಟಂತಾಯಿತು. ಬಿದ್ದಲ್ಲಿಂದಲೇ ನೋಡಿದೆ: ಚೆಲ್ಲಿದ ನೀರು ಸಸಿಯ ಬುಡಕ್ಕೇ ಹರಿದಿತ್ತು.

ಹಾರ್ಟ್ ಅಟ್ಯಾಕ್.

ಮುದ್ದೇಬಿಹಾಳದ ದವಾಖಾನೆಯಲ್ಲಿ ಆಕ್ಸಿಜನ್, ಇಂಜೆಕ್ಷನ್. ಡಾಕ್ಟರು ಹೇಳಿದರು: "ಬೆಡ್ ರೆಸ್ಟ್ ಬೇಕು. ಕೊಡ ಮುಟ್ಟಬಾರದು, ಬಸ್ ಹತ್ತಬಾರದು. ಗಿಡದ ಚಿಂತಿ ಬಿಡ್ರಿ, ಅಜ್ಜಾರ."

"ಮೂಗ ಮುಚ್ಚಿ ಉಸರಾಡ್ರಿ ಅಂದಂಗಾತ್ರಿ, ಸಾಹೇಬ್ರ," ಎಂದೆ. ಅವರು ನಗಲಿಲ್ಲ.

ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ತಾಳಿಕೋಟೆಯಿಂದ ತಂಗಿ ಬಂದಳು. ಬೆಡ್‌ಪ್ಯಾನ್ ಹಿಡಿದಳು, ಗಂಜಿ ಕುಡಿಸಿದಳು. ಮನೆಗೆ ಬಂದ ಮರುದಿನ ನಾನು ಗೋಡೆ ಹಿಡಿದು ಎದ್ದೆ. ಆಕೆ ಒದ್ದೆ ಸೀರೆಯಲ್ಲಿ ಒಳಗೆ ಬಂದಳು.

"ಎಲ್ಲಿಗಿ ಹೊಂಟಿ? ಗಿಡಕ್ಕ ನೀರ ಹಾಕಿ ಬಂದೇನಿ. ಸುಮ್ಮಕ ಮಲಗು."

"ಎಲ್ಲಾದಕ್ಕೂ?"

"ಒಂದೂ ಬಿಟ್ಟಿಲ್ಲಣ್ಣಾ. ನಿನ್ನ ಗಿಡಾನೂ ನಿನ್ನಂಗ ಮೊಂಡ ಅದಾವು. ಸಾಯಂಗಿಲ್ಲ."

ಗೋಡೆಯ ಕಡೆ ಮುಖ ತಿರುಗಿಸಿದೆ. ಆಕೆ ನೀರು ಹೊತ್ತದ್ದು ಅದೇ ಬದುವಿಗೆ.

ಬಹಳ ವರ್ಷಗಳ ಹಿಂದೆ ಆಕೆಯ ಚೊಚ್ಚಲ ಹೆರಿಗೆ ನಮ್ಮ ಮನೆಯಲ್ಲೇ ಆಯಿತು. ತೊಟ್ಟಿಲು ತವರಿನವರೇ ಕೊಡಬೇಕು. ನಾನು ನಿಂಬೆ ಸಸಿ ತರಲು ಇಂಡಿಗೆ ಹೋಗಿ ಒಂದು ವಾರ ನಿಂತಿದ್ದೆ. ಅಷ್ಟರಲ್ಲಿ ಅಪ್ಪ ಬದುವಿನ ಬೇವನ್ನು ಕಡಿಸಿ ಬಡಿಗನಿಂದ ತೊಟ್ಟಿಲು ಮಾಡಿಸಿದ್ದ. ನಾನು ಹೈಸ್ಕೂಲು ಸೇರಿದ ವರ್ಷ ನೆಟ್ಟು ಬೆಳೆಸಿದ ಗಿಡ ಅದು. ಹೆಸರಿಡುವ ದಿನ ಮರಳಿದೆ. ಬದುವಿನಲ್ಲಿ ಬೊಡ್ಡೆ ಕಂಡಿತು. ಮನೆಯಲ್ಲಿ ಹೆಂಗಸರು ಹಾಡುತ್ತಿರುವಾಗಲೇ ತೊಟ್ಟಿಲನ್ನು ಎತ್ತಿ ಅಂಗಳಕ್ಕೆ ಎಸೆದೆ. ಕೂಸನ್ನು ಅವ್ವನ ಹಳೆಯ ಸೀರೆಯ ಜೋಲಿಯಲ್ಲಿ ಮಲಗಿಸಿ ಹೆಸರಿಟ್ಟರು.

ಕಡಿಸಿದ್ದು ಅಪ್ಪ. ಶಿಕ್ಷೆ ಬಾಣಂತಿಗೆ.

ದಸರೆಯಲ್ಲಿ ಕಿರಿಯರು ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟುತ್ತಾರೆ. ಬಂಗಾರದಂಗ ಇರೂಣು ಎನ್ನುತ್ತಾರೆ. ಮುನಿಸು ಅಲ್ಲಿಗೆ ಮುಗಿಯಬೇಕು. ಆಕೆ ವರ್ಷ ತಪ್ಪದೆ ಬಂದಳು. ನಾನು ಒಮ್ಮೆಯೂ ಕೈ ಚಾಚಲಿಲ್ಲ. ಎಲೆಯನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳು.

ಗಿಡಗಳನ್ನು ಪ್ರೀತಿಸಿದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಆ ಬೇವನ್ನು ಕಡಿಯಬಾರದಿತ್ತು. ಇಂದಿಗೂ ಅದನ್ನೇ ಹೇಳುತ್ತೇನೆ. ಆದರೆ ನಾನು ಎಸೆದದ್ದು ಗಿಡವನ್ನಲ್ಲ, ಒಂದು ಕೂಸಿನ ತೊಟ್ಟಿಲನ್ನು. ಇಷ್ಟು ತಿಳಿಯಲು ನನಗೆ ಎದೆ ಒಡೆಯಬೇಕಾಯಿತು.

ಮೊನ್ನೆ ಮತ್ತೆ ಇ.ಸಿ.ಜಿ. ತೆಗೆದರು. "ತಾಳಿಕೋಟಿ ಬಸ್ಸಿನ್ಯಾಗ ಗಟ್ಟಿ ಎದಿನೂ ಅಳ್ಳಾಡತೈತ್ರಿ. ಬ್ಯಾಡ," ಎಂದರು ಡಾಕ್ಟರು.

ಇವತ್ತು ದಸರೆ. ಊರವರೆಲ್ಲ ಬನ್ನಿ ಮುಡಿದು ಬಂದೆವು. ಮಳೆ ಬಿದ್ದ ಮೇಲೆ ತಾಳಿಕೋಟೆಗೆ ಮರಳಿದ ತಂಗಿ ಈ ಸಲ ಬರಲಿಲ್ಲ. ನನ್ನ ಗಿಡಗಳಿಗೆ ನೀರು ಹೊತ್ತು ಆಕೆಯ ಮೊಣಕಾಲು ಹೋಗಿವೆ. ಹಿರಿಯ ಅಣ್ಣ ತಂಗಿಯ ಮನೆಗೆ ಬನ್ನಿ ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ. ಇಲ್ಲದಿದ್ದರೆ ಇಲ್ಲ. ನಾಳೆ ಮುಂಜಾನೆ ಬಸ್ಸು ಹತ್ತುತ್ತೇನೆ. ಡಾಕ್ಟರು ಏನಾದರೂ ಅನ್ನಲಿ. ಬದುವಿನ ಸಸಿಗಳು ಚಿಗುರಿವೆ, ಅದನ್ನೂ ಹೇಳಬೇಕು.

ಎದೆ ದಾರಿಯಲ್ಲೇ ನಿಂತರೆ, ಅಂಗಿಯ ಜೇಬಿನಲ್ಲಿರುವ ಎಲೆ ಯಾರಿಗೆ ಸೇರಬೇಕೆಂದು ಬರೆದಿಡುತ್ತೇನೆ: ನನ್ನ ತಂಗಿ ಗಂಗವ್ವನಿಗೆ.