ವಯಸ್ಸಿನ ಮೇಲೆ ಹೊರಿಸಿದ ಕಿವುಡು

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗೋಕಾಕದ ನಮ್ಮ ಮನೆಗೆ ಬಂದಿದ್ದಳು. ಕೌಜಲಗಿಯ ಹುಡುಗಿ. ಮೂಡಲಗಿಯ ಟ್ರೇನಿಂಗ್ ಸೆಂಟರಿನಲ್ಲಿ ನನ್ನ ಕ್ಲಾಸಿನಲ್ಲಿದ್ದಾಗ ಬಹಳ ಸಾಫ್ಟ್ ಸ್ಪೋಕನ್. ಅವಳ ಉತ್ತರವನ್ನು ಬಾಜೂದವಳು ನನಗೆ ರಿಪೀಟ್ ಮಾಡಬೇಕಾಗುತ್ತಿತ್ತು. ಈಗ ಹುಕ್ಕೇರಿ ಕಡೆ ಒಂದು ನೂಲಿನ ಗಿರಣಿಯಲ್ಲಿದ್ದಾಳೆ.

"ಬಾಯಾರ, ಅರಾಮ ಅದೀರಿಲ್ರಿ? ರಿಟೈರ್ ಆಗಿ ದಪ್ಪ ಆಗೀರಲ್ರಿ!"

ಒಂದಕ್ಷರವೂ ತಪ್ಪದೆ ಕೇಳಿಸಿತು. ಖುಷಿಯಿಂದ ಚಹಾ ಇಡಲು ಒಳಗೆ ಹೋದೆ. ಅಡುಗೆಮನೆಗೂ ಅವಳ ಮಾತು ಅಷ್ಟೇ ಕ್ಲಿಯರ್. ಸಕ್ಕರೆ ಡಬ್ಬಿ ಹಿಡಿದು ನಿಂತುಬಿಟ್ಟೆ. ಹೀಗೆ ಕೂಗಿ ಮಾತಾಡುವವರು ಕಿವಿ ಮಂದವಾದ ನಾವು, ಗಿರಣಿಯವರು.

ಕಾನ್ವೆಂಟ್ ಇಂಗ್ಲಿಷಿನ ದೆಸೆಯಿಂದ ನನಗೆ ಗಿರಣಿಯ ಕ್ವಾಲಿಟಿ ಡಿಪಾರ್ಟ್‌ಮೆಂಟಿನಲ್ಲಿ ಕೆಲಸ ಸಿಕ್ಕಿತ್ತು. ನೂಲುವ ಯಂತ್ರಗಳ ಗದ್ದಲದಲ್ಲಿ ಓಡಾಡಿ ಓಡಾಡಿ ಕಿವಿ ಮಂದವಾದವು. ಆಮೇಲೆ ಗಿರಣಿ ಬಿಟ್ಟು ಹುಡುಗಿಯರಿಗೆ ಅದೇ ಕೆಲಸ ಕಲಿಸುವ ಬಾಯಾರು, ಅಂದರೆ ಟೀಚರ್, ಆದೆ. ಅಡ್ಮಿಷನ್ನಿಗೆ ಬಂದ ಈ ಹುಡುಗಿಯ ತಾಯಿ ನನ್ನ ಮುಖವನ್ನೇ ನೋಡುತ್ತ ಕೇಳಿದ್ದಳು: "ಗಿರಣ್ಯಾಗ ದುಡದ ಹಿಂಗ ಆಗ್ಯಾವೇನ್ರಿ ನಿಮ್ಮ ಕಿವಿ? ಖರೆ ಹೇಳ್ರಿ ಬಾಯಾರ."

ಬ್ಯಾಚ್ ಇನ್ನೂ ತುಂಬಿರಲಿಲ್ಲ. ತುಂಬದಿದ್ದರೆ ಕೋರ್ಸೇ ನಿಲ್ಲುತ್ತಿತ್ತು, ನಾನು ಮನೆಯಲ್ಲಿ ಕೂರಬೇಕಾಗುತ್ತಿತ್ತು.

"ಏ ಇಲ್ಲವ್ವಾ, ವಯಸ್ಸಾತಲ್ಲ" ಅಂದೆ.

ನಮ್ಮ ಕಾನ್ವೆಂಟಿನ ಸಿಸ್ಟರುಗಳು ಸುಳ್ಳು ಹೇಳಿದವರನ್ನು ಮೊಣಕಾಲ ಮೇಲೆ ನಿಲ್ಲಿಸುತ್ತಿದ್ದರು. ಈ ಸುಳ್ಳು ಎಷ್ಟು ಪೊಲೈಟಾಗಿ ಬಂತು! ಇಯರ್ ಪ್ಲಗ್ ಬಗ್ಗೆ ಪಾಠವನ್ನೇನೋ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆಯಲಿ ಎಂದು.

ಚಹಾ ಕೊಟ್ಟು ಕೇಳಿದೆ: "ಪ್ಲಗ್ ಹಾಕ್ಕೊಳ್ಳೂದಿಲ್ಲೇನ?"

"ಹಾಕ್ಕೊಂಡ್ರ ಗೆಳತ್ಯಾರ ಚಾಷ್ಟಿ ಮಾತ ಕೇಳ್ಸಂಗಿಲ್ರಿ! ನೀವ್ ಹಾಕ್ಕೋತಿದ್ರೇನ್ರಿ?"

"ಇಲ್ಲ. ಅದಕ ನನ್ನ ಕಿವಿ ಹೋದ್ವು. ವಯಸ್ಸಿಗಲ್ಲ."

ಅವಳು ಕಪ್ಪು ಕೆಳಗಿಟ್ಟಳು. "ಅವ್ವಗ ಬ್ಯಾರೆ ಹೇಳಿದ್ರಲ್ರಿ."

"ಹೌದು. ಸುಳ್ಳ ಹೇಳಿದೆ."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. "ಅವ್ವ ಕೇಳಿದ್ರ ಈಗೂ ಹಂಗ ಹೇಳ್ರಿ ಬಾಯಾರ. ಅಕಿಗೆ ಗೊತ್ತಾದ್ರ ನಾಳೆನ ಕೆಲಸ ಬಿಡ್ಸಿ ಮದವಿ ಮಾಡ್ತಾಳ. ನನಗ ಈ ಕೆಲಸ ಬೇಕ್ರಿ."

ಅಂದು ಸುಳ್ಳು ಹೇಳಿದ್ದು ನನಗಾಗಿ. ಇಂದು ಅವಳಿಗಾಗಿ ಎಂದುಕೊಳ್ಳಬಹುದು; ಆದರೆ ಮೋಸ ಹೋಗುವವಳು ಅದೇ ತಾಯಿ.

"ಹಂಗಾದ್ರ ಪ್ಲಗ್ ಹಾಕ್ಕೋತಿ? ದಿನಾ? ಪ್ರಾಮಿಸ್?"

"ಹಾಕ್ಕೋತೀನ್ರಿ" ಅಂದಳು, ತೀರ ಬೇಗ.

ನಂಬಿದವಳಂತೆ ತಲೆಯಾಡಿಸಿದೆ.