ಏಣಿಯ ನಡುವೆ ಕೂಗಿದ್ದು

ಶಿವಮೊಗ್ಗ ಬೇಸರವಾಗಿ ಭದ್ರಾವತಿಗೆ ಬಂದವನು ಕಾರ್ಖಾನೆಯ ಹೊಗೆಕೊಳವೆಗೆ ಬಣ್ಣ ಬಳಿಯುವ ಕೂಲಿಗೆ ಸೇರಿದೆ. ಕಬ್ಬಿಣದ ಏಣಿಯ ಅರ್ಧದಲ್ಲಿ ಕೆಳಗೆ ನೋಡಿದೆ ನೋಡಿ, ಕೈಕಾಲು ಮರಗಟ್ಟಿದವು. ಹತ್ತಲೂ ಆಗದು, ಇಳಿಯಲೂ ಆಗದು.

ನನ್ನ ಹಿಂದೆಯೇ ಹತ್ತುತ್ತಿದ್ದ ತಮಿಳಿನವ ದೇವದಾಸಣ್ಣ, "ಪ್ರಾರ್ಥನೆ ಮಾಡು ಮಾರಾಯ. ನೀನೂ ಚರ್ಚಿನವನೇ ಅಲ್ವಾ?" ಅಂದ.

"ಒಂದೂ ನೆನಪಾಗ್ತಿಲ್ಲಣ್ಣ. ನಂಗೆ ಅಷ್ಟೆಲ್ಲ ವಿಶ್ವಾಸ ಇಲ್ಲ."

"ಯೇಸುವಿನ ಶಿಷ್ಯ ಪೇತ್ರ ದೋಣಿಯಿಂದಿಳಿದು ನೀರ ಮೇಲೆ ನಡೆಯೋಕೆ ಹೋಗಿ ಮುಳುಗೋವಾಗ ಅವನಿಗೆ ವಿಶ್ವಾಸ ಎಷ್ಟಿತ್ತು? ಸ್ವಾಮೀ ಅಂತ ಕೂಗಿದ, ಯೇಸು ಕೈ ಹಿಡಿದ. ಕೂಗು!"

ಕೂಗಿದೆ. ಕೆಳಗಿನ ಕೂಲಿಗಳೆಲ್ಲ ತಲೆಯೆತ್ತಿ ನೋಡಿದರು. ನಾಚಿಕೆಯಾಯಿತು, ಆದರೆ ಬೆರಳು ಸಡಿಲಾದವು. ತುದಿಯವರೆಗೂ ಹತ್ತಿದೆ, ಅಲ್ಲಿ ಬಿಟ್ಟ ಉಸಿರು ಈಗಲೂ ನೆನಪಿದೆ.

ಮರುದಿನ ಮೊದಲ ಮೆಟ್ಟಿಲಲ್ಲೇ ಕೂಗಿಬಿಟ್ಟೆ. ಎಲ್ಲರೂ ನಕ್ಕರು. ನಗಲಿ. ಪೇತ್ರನೂ ದೋಣಿಯಲ್ಲೇ ಕೂಗಿದ್ದರೆ ಬಟ್ಟೆಯಾದರೂ ನೆನೆಯುತ್ತಿರಲಿಲ್ಲ.