ಎರಡು ಬೆರಳ ಸಂದಿಗೊಂದು ಗರಗಸ

ಬೆಳಗಿನ ಐದೂಕಾಲು. ಮೂಳೆ ವಾರ್ಡಿನ ಉದ್ದನೆಯ ಹಾಲಿನಲ್ಲಿ ಮೂವತ್ತನಾಲ್ಕು ಮಂಚಗಳಿವೆ. ಹದಿನೇಳನೆಯದರ ಕೆಳಗಿಂದ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿವೆ. ಚಪ್ಪಲಿಗಳನ್ನು ಪಕ್ಕದಲ್ಲಿ ಜೋಡಿಸಿಟ್ಟಿದೆ. ಪಾದಗಳ ಒಡತಿ ನೆಲಕ್ಕೆ ಬೆನ್ನು ಕೊಟ್ಟು ಮಲಗಿ ಏನನ್ನೋ ಕೊಯ್ಯುತ್ತಿದ್ದಾರೆ. ಇಲಿ ಬಾಗಿಲು ಕೆರೆದಂಥ ಸಣ್ಣ ಸದ್ದು. ಮಂಚದ ಮೇಲೆ ಅಂಗಾತ ಮಲಗಿರುವ ಇನ್ನೊಬ್ಬ ಹೆಂಗಸು ಚಾವಣಿ ನೋಡುತ್ತಲೇ ಎಣಿಸುತ್ತಿದ್ದಾರೆ.

“ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಹೋಲ್ಡಾನ್!”

ಸದ್ದು ನಿಲ್ಲುತ್ತದೆ. “ಬೆನ್ನು ಹೇಗಿದೆ?” ಎಂದು ಕೆಳಗಿನಿಂದ ದನಿ.

“ಇನ್ನೂ ನನ್ನ ಹತ್ರಾನೇ ಇದೆ. ಒಂದ್ನಿಮಿಷ ತಡಿ... ಹೂಂ, ರೈಟ್!”

ನಲವತ್ತು ಸಲ ಕೊಯ್ದರೆ ಒಂದು ಸುತ್ತು, ಸುತ್ತಿಗೊಮ್ಮೆ ಬೆನ್ನಿಗೆ ಬಿಡುವು. ಎಣಿಸುತ್ತಿರುವವರು ವೃತ್ತಿಯಲ್ಲಿ ಬಸ್ ಕಂಡಕ್ಟರ್. ಡಿಪೋದ ಮೆಟ್ಟಿಲಿಂದ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡು ಒಂಬತ್ತು ವಾರದಿಂದ ಹೀಗೇ ಮಲಗಿದ್ದಾರೆ. ಕೆಳಗಿರುವವರು ಈ ಆಸ್ಪತ್ರೆಯ ನೆಲ ಒರೆಸುವ ಕೆಲಸದವರು. ರಿಜಿಸ್ಟರಿನಲ್ಲಿ ಅವರ ಹುದ್ದೆ ಇವತ್ತಿಗೂ ಅಷ್ಟೇ. ಆದರೆ ಅಡುಗೆಮನೆಯಿಂದ ಹಿಡಿದು ಆಪರೇಷನ್ ಥಿಯೇಟರಿನವರೆಗೆ ಯಾರನ್ನು ಕೇಳಿದರೂ ಅವರು ‘ಮಂಚದಕ್ಕ’. ಆ ಹೆಸರಿಲ್ಲದೆ ಕೇಳಿದರೆ ಅಂಥವರು ಇಲ್ಲಿ ಯಾರೂ ಇಲ್ಲ ಎಂದು ವಾಚ್‌ಮನ್, ಅವರ ಬಗ್ಗೆ ಬರೆಯಲು ಬಂದ ನನ್ನನ್ನು ಗೇಟಿನಿಂದಲೇ ಸಾಗಹಾಕಲು ನೋಡಿದ.

ಈ ಬೆಳಗಿನ ಅವಸರಕ್ಕೆ ಕಾರಣವಿದೆ. ಮಲಗಿ ಮಲಗಿ ಕಂಡಕ್ಟರಮ್ಮನ ಎದೆಯಲ್ಲಿ ಕಫ ಕಟ್ಟುತ್ತಿದೆ. ಶನಿವಾರದೊಳಗೆ ಅವರನ್ನು ಒರಗಿಸಿ ಕೂರಿಸಲೇಬೇಕು ಎಂದಿದ್ದಾರೆ ದೊಡ್ಡ ಡಾಕ್ಟರು. ದಿಂಬು ಪೇರಿಸಿದರೆ ಬೆನ್ನು ಬಾಗಬಾರದ ಕಡೆ ಬಾಗುತ್ತದೆ, ಹಾಗಾಗಿ ಮಂಚದ ಹಲಗೆಯೇ ಏಳಬೇಕು. ಕಾಲಿನ ಕಡೆ ಒಂದು ಹಿಡಿಕೆ ಇದೆ, ಅದನ್ನು ತಿರುಗಿಸಿದರೆ ತಲೆಭಾಗ ಮೇಲೇಳಬೇಕು. ಏಳುತ್ತಿಲ್ಲ. ಅಡಿಯಲ್ಲಿ ಹೆಬ್ಬೆರಳ ದಪ್ಪದ ಉಕ್ಕಿನ ಪಿನ್ನೊಂದು ತುಕ್ಕು ಹಿಡಿದು ಕಚ್ಚಿಕೊಂಡು ಕೂತಿದೆ. ಅದನ್ನು ಎರಡೂ ಬದಿಯಲ್ಲಿ ಕೊಯ್ದು ತೆಗೆಯದಿದ್ದರೆ ಆರು ಜನ ಸೇರಿ ಕಂಡಕ್ಟರಮ್ಮನನ್ನು ಎತ್ತಿ ಬೇರೆ ಮಂಚಕ್ಕೆ ಹಾಕಬೇಕು. ಎತ್ತುವಾಗ ಒಬ್ಬರ ಕೈ ಹೆಚ್ಚುಕಮ್ಮಿಯಾದರೂ ಅವರ ಕಾಲಿನ ಆಸೆ ಬಿಟ್ಟಂತೆಯೇ. ಇವತ್ತು ಶುಕ್ರವಾರ. ಒಂದು ಬದಿ ಮುಗಿದಿದೆ, ಇನ್ನೊಂದು ಬದಿ ಅರ್ಧವಾಗಿದೆ.

ಕರೆಂಟಿನ ಕಟಿಂಗ್ ಮಷಿನ್ ತಂದರೆ ಐದು ನಿಮಿಷದ ಕೆಲಸವಲ್ಲವೇ ಎಂದು ನಾನು ಜಾಣತನ ತೋರಿಸುತ್ತೇನೆ. ಮಂಚದಕ್ಕ ಕೆಳಗಿನಿಂದಲೇ ನಗುತ್ತಾರೆ. “ಪಕ್ಕದ ಮಂಚದ ಅಜ್ಜಿಗೆ ಆಕ್ಸಿಜನ್ ಹಾಕಿದ್ದಾರೆ ಸಾರ್. ಒಂದು ಕಿಡಿ ಸಾಕು, ನಾಳೆ ಪೇಪರಲ್ಲಿ ನಮ್ಮೆಲ್ಲರ ಫೋಟೋನೂ ಬರುತ್ತೆ. ಅಲ್ದೆ ಆ ಮಷಿನ್ ನಡುಕಕ್ಕೆ ಇವರ ಬೆನ್ನು ಏನಾಗ್ಬೇಕು?” ಮಾಮೂಲಿ ಗರಗಸ ತೂರಿಸೋಣವೆಂದರೆ ಪಿನ್ನಿಗೂ ಅಡ್ಡಪಟ್ಟಿಗೂ ನಡುವೆ ಇರುವುದು ಎರಡು ಬೆರಳಿನ ಸಂದಿ. ಗರಗಸದ ಚೌಕಟ್ಟೇ ಒಂದು ಗೇಣು ಎತ್ತರ.

ಆರೂವರೆಗೆ ಕೊಯ್ಯುವುದನ್ನು ನಿಲ್ಲಿಸುತ್ತಾರೆ. ಆಮೇಲೆ ನರ್ಸುಗಳ ಓಡಾಟ, ಏಳಕ್ಕೆ ಅವರದೇ ನೆಲ ಒರೆಸುವ ಪಾಳಿ. ಹೊರಗೆ ಬಂದವರ ಕೂದಲ ತುಂಬ ಕಬ್ಬಿಣದ ಪುಡಿ. ಹಾಳಾದ ರೇಡಿಯೋದಿಂದ ತೆಗೆದ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ, ಮೊದಲು ನೆಲದ ಮೇಲೆ, ಆಮೇಲೆ ತಮ್ಮ ತಲೆಯ ಮೇಲೆ ಆಡಿಸುತ್ತಾರೆ. ಒಂದು ಚೂರೂ ವಾರ್ಡಿನಲ್ಲಿ ಉಳಿಯಬಾರದು. “ಗಲೀಜು ಮಾಡೋಳೂ ನಾನೇ, ಒರೆಸೋಳೂ ನಾನೇ. ಯಾರನ್ನ ಬಯ್ಯಲಿ?” ಎನ್ನುತ್ತಾರೆ.

ಆಮೇಲೆ ಸೆರಗಿನ ಗಂಟು ಬಿಚ್ಚಿ, ಮಗುವಿನ ಬಳೆ ತೋರಿಸುವಷ್ಟು ಜೋಪಾನವಾಗಿ ಆ ಉಪಕರಣವನ್ನು ನನ್ನ ಅಂಗೈಗಿಡುತ್ತಾರೆ. ಹೆಬ್ಬೆರಳುದ್ದದ ಹಿತ್ತಾಳೆ ಕೊಳವೆ. ಹಿಂದೆ ಅಂಗೈಯೊಳಗೆ ಕೂರುವಂತೆ ಮರದ ಗುಂಡು. ಮುಂದೆ ಅರ್ಧ ಬೆರಳುದ್ದದ ಬ್ಲೇಡು, ಅದನ್ನು ಹಿಡಿದಿರುವ ಒಂದು ಪುಟ್ಟ ತಿರುಪು. ಮುಷ್ಟಿ ಮುಚ್ಚಿದರೆ ಇಡೀ ಗರಗಸ ಮಾಯ, ಹಲ್ಲು ಮಾತ್ರ ಹೊರಗೆ. ಇದರ ಹೆಸರೇನೆಂದು ನಾನು ಮೂರು ಅಂಗಡಿಗಳಲ್ಲಿ ವಿಚಾರಿಸಿದ್ದೇನೆ. ಯಾರಿಗೂ ಗೊತ್ತಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಇಲ್ಲಿಗೆ ಸೇರಿದಾಗ ಮಂಚದಕ್ಕನಿಗೆ ಸ್ಪ್ಯಾನರು ಯಾವುದು, ಇಕ್ಕಳ ಯಾವುದು ಎಂಬುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮಂಚಗಳ ಅಡಿಭಾಗ. “ಡಾಕ್ಟರು, ನರ್ಸು, ನೋಡೋಕೆ ಬರೋರು ಎಲ್ಲರೂ ಮಂಚಾನ ಮೇಲಿಂದ ನೋಡ್ತಾರೆ. ನಾನು ದಿನಾ ಕೆಳಗಿಂದ ನೋಡ್ತೀನಿ. ಯಾವುದರ ನಟ್ಟು ಸಡಿಲ, ಯಾವುದರ ಚಕ್ರ ಕುಂಟು, ಎಲ್ಲಾ ನಂಗೆ ಬಾಯಿಪಾಠ.” ಒಂದು ಸಲ ವರ್ಕ್‌ಶಾಪಿಗೆ ಹೋಗಿ, ಹೆರಿಗೆ ವಾರ್ಡಿನ ಎಂಟನೇ ಮಂಚದ ಎಡಗಾಲು ಈ ವಾರ ಕಳಚುತ್ತದೆ ಎಂದು ಹೇಳಿದರಂತೆ. ಕಸ ಗುಡಿಸುವವಳು ಭವಿಷ್ಯ ಹೇಳುತ್ತಾಳೆ ಎಂದು ಅಲ್ಲಿದ್ದವರು ನಕ್ಕರು. ನಾಲ್ಕನೇ ದಿನ ಕಾಲು ಕಳಚಿತು. ಅದೃಷ್ಟಕ್ಕೆ ಮಂಚ ಖಾಲಿ ಇತ್ತು.

ನಕ್ಕವರಲ್ಲಿ ಮುಖ್ಯ ಫಿಟ್ಟರ್ ಕೂಡ ಒಬ್ಬರು. ಮರುದಿನ ಅವರೇ ಕರೆದು ಕೈಗೆ ಸ್ಪ್ಯಾನರು ಕೊಟ್ಟರು. “ಸುಳ್ಳು ಯಾಕೆ ಹೇಳ್ಲಿ, ನನ್ನ ಹೊಟ್ಟೆ ಮಂಚದ ಕೆಳಗೆ ಹೋಗೋದು ನಿಂತು ಹತ್ತು ವರ್ಷ ಆಗಿತ್ತು” ಎಂದು ಆ ಹೊಟ್ಟೆಯ ಮೇಲೆ ಕೈಯಾಡಿಸುತ್ತಾ ಅವರು ಒಪ್ಪಿಕೊಳ್ಳುತ್ತಾರೆ. ಈಗ ಇನ್ನೂರ ಹನ್ನೆರಡು ಮಂಚಗಳ ಚಕ್ರ, ಹಿಡಿಕೆ, ಕಂಬಿಗಳೆಲ್ಲ ಮಂಚದಕ್ಕನ ಸುಪರ್ದಿನಲ್ಲಿವೆ. ದಿನಕ್ಕೆ ನಾಲ್ಕೈದು ರಿಪೇರಿ, ಜೊತೆಗೆ ಎರಡು ವಾರ್ಡಿನ ನೆಲ. ಒಂದು ಮಾಡಿದರೆಂದು ಇನ್ನೊಂದನ್ನು ಯಾರೂ ಮಾಫಿ ಮಾಡಿಲ್ಲ.

ಹದಿನೇಳನೇ ಮಂಚದ ವಿಷಯಕ್ಕೆ ಬಂದರೆ ಮಾತ್ರ ಅವರ ಮುಖ ಸಣ್ಣದಾಗುತ್ತದೆ. “ಆ ಪಿನ್ನಿಗೆ ತುಕ್ಕು ಹಿಡಿಸಿದ್ದು ಯಾರು ಹೇಳಿ? ನಾನೇ. ಹತ್ತೊಂಬತ್ತು ವರ್ಷ ಬಕೆಟ್ಟುಗಟ್ಲೆ ನೀರು ಹೊಯ್ದು ನೆಲ ತೊಳ್ದಿದ್ದೀನಿ. ಅದು ಸಿಡಿದು ಎಲ್ಲಿಗೆ ಹೋಗುತ್ತೆ ಅಂತ ಯೋಚ್ನೆ ಮಾಡಿರ್ಲಿಲ್ಲ. ಅದಕ್ಕೇ ಇದು ನನ್ನ ಕೈಲೇ ಬಿಡಿಸ್ಕೋಬೇಕು.” ನೆಲ ತೊಳೆದ ತಪ್ಪಿಗೆ ಹೀಗೆ ತಲೆ ಕೆಡಿಸಿಕೊಂಡವರನ್ನು ನಾನಂತೂ ಈವರೆಗೆ ಕಂಡಿರಲಿಲ್ಲ.

ಡಾಕ್ಟರು ಗಡುವು ಕೊಟ್ಟ ದಿನವೇ ಅವರು ಹಳೇ ಔಷಧದ ಡಬ್ಬಿಯಿಂದ ಒಂದು ರಟ್ಟು ಕತ್ತರಿಸಿದರು. ಸಂದಿಯ ಅಗಲ ಎಷ್ಟೋ ಅಷ್ಟೇ ಅಗಲ, ಸಂದಿಯ ಆಳ ಎಷ್ಟೋ ಅಷ್ಟೇ ಉದ್ದ. ಆ ರಟ್ಟು ಹಿಡಿದು ಊರಿನ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ಜಾಲಾಡಿದರು. ಎಲ್ಲಿ ಯಾವ ಗರಗಸ ತೋರಿಸಿದರೂ ಪಕ್ಕದಲ್ಲಿ ರಟ್ಟು ಹಿಡಿದು ನೋಡಿ ತಲೆಯಾಡಿಸುವುದು. ಒಬ್ಬ ಅಂಗಡಿಯವನು ‘ಬಟ್ಟೆ ಅಂಗಡಿಗೆ ಬಂದೋರ ಥರ ಅಳತೆ ನೋಡ್ತೀರಲ್ಲಮ್ಮ’ ಎಂದು ಮೂಗು ಮುರಿದನಂತೆ.

ಭಾನುವಾರ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹಳೇ ಸಾಮಾನಿನವರು ಗೋಣಿ ಹಾಸಿ ಕೂರುತ್ತಾರೆ. ಮಂಚದಕ್ಕ ಒಂದು ತುದಿಯಿಂದ ಶುರು ಮಾಡಿದರು. ಕಿವಿ ಮುರಿದ ಬಾಣಲೆ, ನಿಂತ ಗಡಿಯಾರ, ಬೀಗವಿಲ್ಲದ ಕೀಲಿಕೈಗಳ ರಾಶಿ. ಮಧ್ಯಾಹ್ನದ ಹೊತ್ತಿಗೆ ಒಂದು ಚಕ್ರವಿಲ್ಲದ ಹೊಲಿಗೆ ಯಂತ್ರದ ಪೆಟ್ಟಿಗೆಯ ತಳದಲ್ಲಿ ಈ ಹಿತ್ತಾಳೆ ಕೊಳವೆ ಸಿಕ್ಕಿತು. ರಟ್ಟಿನ ಮೇಲಿಟ್ಟರು. ರಟ್ಟಿನ ಅಂಚು ದಾಟಲಿಲ್ಲ.

“ಮಾರೋನಿಗೆ ಅದೇನು ಅಂತಾನೇ ಗೊತ್ತಿಲ್ಲ. ಬೀಗ ಒಡೆಯೋದು ಇರ್ಬೇಕು ಅಂದ, ಆಮೇಲೆ ನನ್ನ ಮುಖ ನೋಡಿ ಅಲ್ಲ ಅಲ್ಲ ಅಂದ. ಬ್ಲೇಡು ಉಲ್ಟಾ ಕೂರಿಸಿದ್ದಾರೆ, ಕೆಟ್ಟಿರೋ ಮಾಲು, ಕಮ್ಮಿಗೆ ತಗೊಳ್ಳಿ ಅಂದ. ನಾನು ಬಾಯಿ ಮುಚ್ಕೊಂಡು ತಗೊಂಡೆ.” ಹೇಳುತ್ತಾ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾರೆ.

ಉಲ್ಟಾ ಇದ್ದದ್ದೇ ಅದರ ಗುಟ್ಟು. ಮಾಮೂಲಿ ಗರಗಸಗಳ ಹಲ್ಲು ಮುಂದಕ್ಕೆ, ತಳ್ಳುವಾಗ ಕೊಯ್ಯುವಂತೆ. ಇದರ ಹಲ್ಲು ಹಿಂದಕ್ಕೆ, ತನ್ನ ಕಡೆ ಎಳೆದುಕೊಳ್ಳುವಾಗ ಕೊಯ್ಯುತ್ತದೆ. ಅಂಗಾತ ಮಲಗಿ ತಲೆಯ ಮೇಲಿನ ಸಂದಿಗೆ ಕೈ ತೂರಿಸಿದವರಿಗೆ ತಳ್ಳಲು ಬಲವೂ ಇಲ್ಲ, ಜಾಗವೂ ಇಲ್ಲ. ಎಳೆಯಬಹುದು ಅಷ್ಟೇ. ಇದನ್ನು ಮಾಡಿದ ಪುಣ್ಯಾತ್ಮ ಯಾರೋ, ಅವನೂ ಎಲ್ಲೋ ಯಾವುದರದೋ ಕೆಳಗೆ ಮಲಗಿ ಕೆಲಸ ಮಾಡಿದವನೇ ಇರಬೇಕು ಎಂಬುದು ಮಂಚದಕ್ಕನ ತೀರ್ಮಾನ.

ಸೋಮವಾರ ಬೆಳಿಗ್ಗೆ ಕೆಲಸ ಬೆಣ್ಣೆ ಕೊಯ್ದಂತೆ ಸಾಗಿತು. ಸಂಜೆ ಆಸ್ಪತ್ರೆಯ ನಿಯಮದಂತೆ ಗರಗಸ ವರ್ಕ್‌ಶಾಪಿನ ಕಪಾಟು ಸೇರಿತು. ಎಡವಟ್ಟಾದದ್ದು ಅಲ್ಲೇ. ಫಿಟ್ಟರ್ ಸಾಹೇಬರು ಅದನ್ನು ಪ್ರೀತಿಯಿಂದ ಒರೆಸಿ, ಎಣ್ಣೆ ಬಿಟ್ಟು, ಪಾಪ ಅಕ್ಕನಿಗೆ ಗೊತ್ತಾಗಿಲ್ಲವೆಂದು ಬ್ಲೇಡನ್ನು ‘ಸರಿ’ ಮಾಡಿ ಕೂರಿಸಿದರು. ಮಂಗಳವಾರ ಬೆಳಿಗ್ಗೆ ಮಂಚದ ಕೆಳಗಿನ ಕತ್ತಲಲ್ಲಿ ಮಂಚದಕ್ಕ ಹಿಂದಿನ ದಿನದಂತೆಯೇ ಎಳೆದರು. ಜಾರಿತು. ಇನ್ನಷ್ಟು ಬಲ ಹಾಕಿದರು. ಬ್ಲೇಡು ಪಿನ್ನಿನ ಸೀಳಿನೊಳಗೆ ಸಿಕ್ಕಿ ಪಟ್ಟೆಂದು ಮುರಿಯಿತು. ಇದ್ದದ್ದು ಅದೊಂದೇ ಬ್ಲೇಡು, ಆ ಅಳತೆಯದು ಯಾವ ಅಂಗಡಿಯಲ್ಲೂ ಇಲ್ಲ.

“ಅವತ್ತು ಅತ್ತುಬಿಟ್ಟೆ. ಮೇಲಿಂದ ಇವರು ‘ಏನಾಯ್ತೇ?’ ಅಂದ್ರು. ಬ್ಲೇಡು ಮುರೀತು ಅಂದೆ. ‘ಅಷ್ಟೇ ತಾನೆ? ನನ್ನ ಬೆನ್ನೇ ಮುರಿದಿದೆ, ನಾನು ಅಳ್ತಿದ್ದೀನಾ?’ ಅಂದ್ರು. ಆಮೇಲೆ ಅವರೂ ಅತ್ರು, ಮೂಗೆಳೆಯೋದು ಕೇಳಿಸ್ತು.”

ಫಿಟ್ಟರ್ ಈ ಕತೆಯನ್ನು ತಾವೇ ಹೇಳುತ್ತಾರೆ, ಮುಚ್ಚಿಡುವುದಿಲ್ಲ. “ಇಪ್ಪತ್ತಾರು ವರ್ಷ ಸರ್ವಿಸು. ಹಲ್ಲು ಮುಂದಕ್ಕಿರ್ಬೇಕು ಅಂತ ಬಂದೋರಿಗೆಲ್ಲ ಪಾಠ ಹೇಳಿದವನು ನಾನು. ನನಗೆ ಪಾಠ ಹೇಳೋಕೆ ನೆಲ ಒರೆಸೋ ಅಕ್ಕಾನೇ ಬರ್ಬೇಕಾಯ್ತು.” ಅವತ್ತು ಮಧ್ಯಾಹ್ನ ಊಟ ಬಿಟ್ಟು ಕೂತು, ದೊಡ್ಡ ಬ್ಲೇಡುಗಳನ್ನು ತುಂಡರಿಸಿ, ಬೆನ್ನು ಅರೆದು ತೆಳ್ಳಗೆ ಮಾಡಿ ಐದು ಪುಟ್ಟ ಬ್ಲೇಡು ತಯಾರಿಸಿಕೊಟ್ಟರು. ಗರಗಸ ಆಮೇಲೆ ಕಪಾಟಿಗೆ ಹೋಗಿಲ್ಲ, ಸೆರಗಿನ ಗಂಟಿನಲ್ಲೇ ಇದೆ. ನಿಯಮ ಏನಾಯಿತು ಎಂದು ಕೇಳಿದರೆ ಫಿಟ್ಟರ್ ಕಿಟಕಿಯ ಕಡೆ ನೋಡುತ್ತಾರೆ.

ಮಂಚದಕ್ಕನ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಎರಡು ಕೋಣೆ. ಮುಂದಿನದರಲ್ಲಿ ಯಜಮಾನರ ಇಸ್ತ್ರಿ ಮೇಜು. ಹೆಂಡತಿಯ ಬಗ್ಗೆ ಕೇಳಿದರೆ ಅವರು ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಒಳಗಿನ ಮಂಚವನ್ನು ಒಂದು ಸಲ ಅಲ್ಲಾಡಿಸುತ್ತಾರೆ. ಅದು ಕಿರ್ರ್ ಎನ್ನುತ್ತದೆ. “ಆರು ವರ್ಷದಿಂದ ಹೇಳ್ತಿದ್ದೀನಿ. ನಮ್ಮ ಮನೆ ಮಂಚಕ್ಕೆ ಇನ್ನೂ ಡಾಕ್ಟರ ಚೀಟಿ ಸಿಕ್ಕಿಲ್ಲ.” ನರ್ಸಿಂಗ್ ಓದುತ್ತಿರುವ ಮಗಳ ದೂರು ಬೇರೆ. “ಯಾರ ಮನೆಗೆ ಹೋದ್ರೂ ಅಮ್ಮ ಕೂರೋಕೆ ಮೊದ್ಲು ಬಗ್ಗಿ ಮಂಚದ ಕೆಳಗೆ ನೋಡ್ತಾಳೆ. ಮಾನ ಹೋಗುತ್ತೆ.” ಹೇಳುವಾಗ ಮಾತ್ರ ಮಗಳ ಕಣ್ಣಲ್ಲಿ ಹೆಮ್ಮೆ ತುಂಬಿರುತ್ತದೆ.

ಶನಿವಾರ ಐದು ಗಂಟೆಗೇ ನಾನು ವಾರ್ಡಿನಲ್ಲಿದ್ದೇನೆ. ನಾನೊಬ್ಬನೇ ಅಲ್ಲ. ರಾತ್ರಿ ಪಾಳಿಯ ನರ್ಸುಗಳು ಮನೆಗೆ ಹೋಗಿಲ್ಲ. ಫಿಟ್ಟರ್ ಹೊಸ ಪಿನ್ನಿಗೆ ಗ್ರೀಸು ಬಳಿದು ಕೈಯಲ್ಲಿ ಹಿಡಿದು ನಿಂತಿದ್ದಾರೆ. ಕಂಡಕ್ಟರಮ್ಮನ ಎಣಿಕೆ ಇವತ್ತು ಮೆಲ್ಲಗಿದೆ, ನಡುನಡುವೆ ಕೆಮ್ಮು. ಏಳನೇ ಸುತ್ತಿನ ಇಪ್ಪತ್ತೆರಡಕ್ಕೆ ಕೆಳಗಿನ ಸದ್ದು ಬದಲಾಗುತ್ತದೆ. ಠಣ್ ಎಂದು ಏನೋ ನೆಲಕ್ಕೆ ಬೀಳುತ್ತದೆ. ಮಂಚದಡಿಯಿಂದ ಒಂದು ಕೈ ಹೊರಬಂದು ಹೊಸ ಪಿನ್ನಿಗಾಗಿ ಚಾಚುತ್ತದೆ.

ಹಿಡಿಕೆ ತಿರುಗಿಸುವ ಹಕ್ಕು ಮಂಚದಕ್ಕನದೇ ಎಂದು ದೊಡ್ಡ ಡಾಕ್ಟರು ಹೇಳುತ್ತಾರೆ. ಅವರು ಮೊಣಕಾಲೂರಿ ಕೂತು ಒಂದೊಂದೇ ಸುತ್ತು ಹಾಕುತ್ತಾರೆ. ಹಲಗೆ ಕದಲುತ್ತದೆ, ಏಳುತ್ತದೆ. ಕಂಡಕ್ಟರಮ್ಮನ ಕಣ್ಣು ಚಾವಣಿ ಬಿಟ್ಟು ಗೋಡೆಗೆ, ಗೋಡೆಯಿಂದ ಕಿಟಕಿಗೆ, ಕಿಟಕಿಯಿಂದ ಎದುರು ಸಾಲಿನ ಮುಖಗಳಿಗೆ ಇಳಿಯುತ್ತದೆ. ಮೂವತ್ತು ಡಿಗ್ರಿ ಆದಾಗ ಡಾಕ್ಟರು ಸಾಕೆಂದು ಕೈ ತೋರಿಸುತ್ತಾರೆ. “ಕಾಲ್ಬೆರಳು ಆಡಿಸಿ” ಎನ್ನುತ್ತಾರೆ. ಹೊದಿಕೆಯ ತುದಿ ಅಲುಗುತ್ತದೆ. ಆಗ ಫಿಟ್ಟರ್ ಸಾಹೇಬರು ಗ್ರೀಸಿನ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಳ್ಳುತ್ತಾರೆ.

ಮಂಚದಕ್ಕ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಏಳಾಗಿದೆ, ಬಕೆಟ್ಟು ತಂದು ಆ ತುದಿಯಿಂದ ನೆಲ ಒರೆಸಲು ಶುರು ಮಾಡಿದ್ದಾರೆ. ನೀರು ಈಗ ಕಡಿಮೆ, ಬಟ್ಟೆ ಹಿಂಡಿ ಹಿಂಡಿ ಒರೆಸುತ್ತಾರೆ. ಹದಿನೇಳನೇ ಮಂಚ ದಾಟಿ ಮುಂದೆ ಹೋಗುತ್ತಿದ್ದಂತೆ ಹಿಂದಿನಿಂದ ದನಿ ಬರುತ್ತದೆ.

“ಏಯ್ ಮಂಚದಕ್ಕ, ಹೋಲ್ಡಾನ್! ಆ ಕಿಟಕಿ ಕೆಳಗಿನ ಮೂಲೇಲಿ ಧೂಳು ಹಾಗೇ ಬಿಟ್ಟಿದ್ದೀಯಲ್ಲ, ಕಣ್ಣು ಕಾಣಿಸಲ್ವಾ?”

ವಾರ್ಡಿಗೆ ವಾರ್ಡೇ ನಗುತ್ತದೆ. ಮಂಚದಕ್ಕ ವಾಪಸು ಬಂದು ಕುಕ್ಕರಗಾಲಲ್ಲಿ ಕೂತು ಆ ಮೂಲೆಯನ್ನು ಎರಡೆರಡು ಸಲ ಒರೆಸುತ್ತಾರೆ. ಎದ್ದು ನನ್ನ ಪಕ್ಕ ಹಾದುಹೋಗುವಾಗ ದನಿ ತಗ್ಗಿಸಿ ಹೇಳುತ್ತಾರೆ, “ಒಂಬತ್ತು ವಾರದಿಂದ ಆ ಧೂಳು ಅಲ್ಲೇ ಇತ್ತು ಸಾರ್. ಇವತ್ತು ಅವರ ಕಣ್ಣಿಗೆ ಬಿತ್ತು. ಬೀಳೋ ಹಾಗೆ ಮಾಡಿದ್ದು ನಾನು.”